ಗುಟ್ಟು ಗೊತ್ತಿದ್ದೂ ನಗಿಸುವ ಕೃತಿಗಳು: ಮತ್ತೆ ನೋಡಲು, ಮತ್ತೆ ಓದಲು ಆರಿಸಿಕೊಳ್ಳುವ ಬಗೆ

ಪ್ರಶ್ನೆ: ದಿನದ ಕೆಲಸ ಮುಗಿದ ಮೇಲೆ ಹೊಸ ಸಿನಿಮಾವನ್ನೋ ಹೊಸ ಪುಸ್ತಕವನ್ನೋ ಹಿಡಿಯುವ ಉತ್ಸಾಹ ನನ್ನಲ್ಲಿ ಉಳಿಯುವುದಿಲ್ಲ. ಹಿಂದೆ ನೋಡಿ ನಕ್ಕ ಚಿತ್ರಗಳನ್ನು, ಧಾರಾವಾಹಿಗಳನ್ನು, ಓದಿ ಮುಗಿಸಿದ ಹಾಸ್ಯ ಪುಸ್ತಕಗಳನ್ನೇ ಮತ್ತೆ ಕೈಗೆತ್ತಿಕೊಳ್ಳುತ್ತೇನೆ. ಮನೆಯವರು ಇದನ್ನು ಕಾಲಹರಣ ಎನ್ನುತ್ತಾರೆ. ಇನ್ನೊಂದು ತೊಡಕೂ ಇದೆ. ಒಂದು ಕಾಲದಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದ ಕೆಲವು ಕೃತಿಗಳು ಈಗ ಸಪ್ಪೆಯೆನಿಸುತ್ತವೆ. ಕೆಲವು ಮೊದಲಿಗಿಂತ ಹೆಚ್ಚು ರುಚಿಸುತ್ತವೆ. ಹೀಗೇಕೆ? ಬರಿಯ ಹಗುರ ಸಂತೋಷಕ್ಕಾಗಿ ಮತ್ತೆ ಮತ್ತೆ ಮರಳಬಹುದಾದ ಕೃತಿಗಳನ್ನು ಗುರುತಿಸುವುದು ಹೇಗೆ? ಕೆಲವನ್ನು ಹೆಸರಿಸಿ ತಿಳಿಸಿ.

ಉತ್ತರ: ಅದು ಕಾಲಹರಣವೇ ಹೌದು, ಕಾಲವನ್ನು ಹಾಯಾಗಿ ಹರಿಯಬಿಡುವುದಕ್ಕೆಂದೇ ಹಾಸ್ಯಕೃತಿಗಳು ಹುಟ್ಟಿರುವುದರಿಂದ ಆ ಆರೋಪವನ್ನು ಒಪ್ಪಿಕೊಂಡು ನಿರಾಳವಾಗಿರಬಹುದು. ಆದರೆ ನೋಡಿದ್ದನ್ನೇ ನೋಡಿದರೆ ಹೊಸದೇನೂ ಸಿಗುವುದಿಲ್ಲ ಎಂಬ ಊಹೆಯನ್ನು ಒಪ್ಪಬೇಕಾಗಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಎಡ್ ಓಬ್ರಿಯನ್ ಅವರು 2019ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ವಸ್ತುಸಂಗ್ರಹಾಲಯದ ಪ್ರದರ್ಶನ, ಸಿನಿಮಾ, ವಿಡಿಯೊ ಆಟ ಮೊದಲಾದವುಗಳನ್ನು ಒಮ್ಮೆ ಅನುಭವಿಸಿದವರು ಎರಡನೆಯ ಸಲ ಎಷ್ಟು ಸಂತೋಷ ಸಿಗಬಹುದೆಂದು ಅಂದಾಜು ಮಾಡಿದ್ದರೋ, ನಿಜವಾಗಿ ಸಿಕ್ಕಿದ್ದು ಅದಕ್ಕಿಂತ ಹೆಚ್ಚಾಗಿತ್ತು. ಮೊದಲ ಸಲ ಎಲ್ಲವನ್ನೂ ಕಂಡೆವೆಂದು ನಾವು ಭಾವಿಸುತ್ತೇವೆ, ಕಂಡಿರುವುದಿಲ್ಲ. ಇದಕ್ಕೂ ಮುಂಚೆ, 2011ರಲ್ಲಿ, ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ ಎಂಬ ಇಬ್ಬರು ಮನೋವಿಜ್ಞಾನಿಗಳು ಕಥೆಗಳ ಅಂತ್ಯವನ್ನು ಮೊದಲೇ ತಿಳಿಸಿ ಓದಿಸಿದಾಗ ಓದುಗರ ಮೆಚ್ಚುಗೆ ಕುಗ್ಗುವ ಬದಲು ಹೆಚ್ಚಿದ್ದನ್ನು ವರದಿ ಮಾಡಿದ್ದರು. ನಂತರದ ಅಧ್ಯಯನಗಳೆಲ್ಲ ಈ ಎರಡನೆಯ ತೀರ್ಮಾನವನ್ನು ಒಪ್ಪಿಲ್ಲ; ಆದ್ದರಿಂದ ಅದನ್ನು ಸಿದ್ಧಾಂತದ ಮಟ್ಟಕ್ಕೆ ಏರಿಸುವುದು ಬೇಡ. ಹಾಸ್ಯದ ವಿಷಯದಲ್ಲಂತೂ ಮುಖ್ಯವಾದದ್ದು ಅಂತ್ಯ ಗೊತ್ತಿದೆಯೋ ಇಲ್ಲವೋ ಎಂಬುದಲ್ಲ, ಗುಟ್ಟು ಯಾರ ಬಳಿ ಇದೆ ಎಂಬುದು.

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಯೇ ಇದೆ. ಹಾಸ್ಯದಲ್ಲಿ ಒಂದು ಬಗೆಯದು ಗುಟ್ಟನ್ನು ಪ್ರೇಕ್ಷಕನಿಂದ ಮುಚ್ಚಿಟ್ಟು, ಕೊನೆಯಲ್ಲಿ ಥಟ್ಟನೆ ತೆರೆದು ನಗಿಸುತ್ತದೆ. ಇನ್ನೊಂದು ಬಗೆಯದು ಗುಟ್ಟನ್ನು ಆರಂಭದಲ್ಲಿಯೇ ಪ್ರೇಕ್ಷಕನ ಕೈಗೆ ಕೊಟ್ಟು, ಪಾತ್ರಗಳಿಂದ ಮಾತ್ರ ಮುಚ್ಚಿಡುತ್ತದೆ. ಮೊದಲನೆಯದರ ಶಕ್ತಿ ಒಂದೇ ಸಲಕ್ಕೆ ತೀರುತ್ತದೆ. ಎರಡನೆಯ ಸಲ ನೋಡುವಾಗ ನೀವು ಹಿಂದೆ ನಕ್ಕಿದ್ದು ನೆನಪಾಗುತ್ತದೆಯೇ ಹೊರತು ನಗು ಬರುವುದಿಲ್ಲ. ಎರಡನೆಯ ಬಗೆಯ ಕೃತಿ ಮೊದಲ ಸಲವೂ ನಿಮ್ಮನ್ನು ಅಚ್ಚರಿಗೊಳಿಸಿ ನಗಿಸಿರಲಿಲ್ಲವಾದ್ದರಿಂದ ಮರುಭೇಟಿಯಲ್ಲಿ ಅದು ಕಳೆದುಕೊಳ್ಳುವುದಕ್ಕೆ ಏನೂ ಇರುವುದಿಲ್ಲ.

ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ಇದಕ್ಕೆ ಹಳೆಯ, ಗಟ್ಟಿಯಾದ ನಿದರ್ಶನ. ಒಂದೇ ರೂಪದ ಇಬ್ಬರು ಯಜಮಾನರು, ಒಂದೇ ರೂಪದ ಇಬ್ಬರು ಸೇವಕರು ಇದ್ದಾರೆಂಬುದನ್ನು ಅವರ ತಂದೆಯ ಬಾಯಿಂದ ಮೊದಲ ದೃಶ್ಯದಲ್ಲಿಯೇ ಸೂಚಿಸಿಬಿಡುವ ಆ ನಾಟಕ, ಪ್ರೇಕ್ಷಕರನ್ನು ಒಂದು ಕ್ಷಣವೂ ಕತ್ತಲೆಯಲ್ಲಿ ಇಡುವುದಿಲ್ಲ. ಅದು ಗುಲ್ಜಾರರ ಹಿಂದಿ ಚಿತ್ರ ‘ಅಂಗೂರ್’ (1982) ಆಗಿಯೂ, ಎನ್. ಎಸ್. ಶಂಕರ್ ಅವರ ಕನ್ನಡ ಚಿತ್ರ ‘ಉಲ್ಟಾ ಪಲ್ಟಾ’ (1997) ಆಗಿಯೂ ಮರುಹುಟ್ಟು ಪಡೆದು, ಕಥೆ ಗೊತ್ತಿದ್ದವರನ್ನೂ ನಗಿಸಿತೆಂಬುದು ಆಕಸ್ಮಿಕವಲ್ಲ. ಶೇಕ್ಸ್‌ಪಿಯರನೇ ಅದನ್ನು ರೋಮನ್ ನಾಟಕಕಾರ ಪ್ಲಾಟಸನಿಂದ ಎತ್ತಿಕೊಂಡಿದ್ದ ಎಂಬುದನ್ನು ಸೇರಿಸಿಕೊಂಡರೆ, ಈ ಒಂದು ಗೊಂದಲ ಎರಡು ಸಾವಿರ ವರ್ಷಗಳಿಂದ ಹಳತಾಗದೆ ನಡೆದುಬಂದಿದೆ ಎನ್ನಬೇಕಾಗುತ್ತದೆ.

ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ (1990) ಇದೇ ಜಾತಿಗೆ ಸೇರಿದ್ದು. ರೇಡಿಯೊದಲ್ಲಿ ಕೇಳಿದ ದನಿಗೆ ಮನಸೋತು ಆರಾಧಿಸುವ ನಾಯಕ, ಆ ದನಿಯ ಒಡತಿ ತನ್ನ ವಠಾರದಲ್ಲಿಯೇ ಇದ್ದಾಳೆಂದು ಅರಿಯದೆ ಅವಳೊಡನೆ ದಿನವೂ ಜಗಳವಾಡುತ್ತಾನೆ. ಅವಳೇ ಇವಳೆಂದು ನಮಗೆ ಗೊತ್ತು. ಗೊತ್ತಿರುವುದರಿಂದಲೇ ಅನಂತ್ ನಾಗ್ ಅವರ ಒಂದೊಂದು ಗೊಣಗಾಟಕ್ಕೂ ಎರಡೆರಡು ಅರ್ಥ. ಹೃಷಿಕೇಶ್ ಮುಖರ್ಜಿಯವರ ‘ಗೋಲ್ ಮಾಲ್’ (1979) ಚಿತ್ರದಲ್ಲಿ ಮೀಸೆಯಿರುವ ಉದ್ಯೋಗಿಯೂ ಮೀಸೆಯಿಲ್ಲದ ತಮ್ಮನೂ ಒಬ್ಬನೇ ಎಂಬುದು ಉತ್ಪಲ್ ದತ್ತರ ಪಾತ್ರವೊಂದನ್ನು ಬಿಟ್ಟು ಚಿತ್ರಮಂದಿರದಲ್ಲಿರುವ ಎಲ್ಲರಿಗೂ ಗೊತ್ತು. ಬಿಲ್ಲಿ ವೈಲ್ಡರ್‌ನ ‘ಸಮ್ ಲೈಕ್ ಇಟ್ ಹಾಟ್’ (1959) ಚಿತ್ರದಲ್ಲಿ ಕೊಲೆಗಡುಕರಿಂದ ತಪ್ಪಿಸಿಕೊಳ್ಳಲು ಹೆಣ್ಣು ವೇಷ ಹಾಕಿಕೊಂಡು ಮಹಿಳೆಯರ ವಾದ್ಯತಂಡವನ್ನು ಸೇರುವ ಇಬ್ಬರು ಸಂಗೀತಗಾರರ ನಿಜರೂಪವೂ ಹಾಗೆಯೇ. ಮೂರೂ ಬೇರೆ ಬೇರೆ ಭಾಷೆಯ, ಬೇರೆ ಬೇರೆ ಅಭಿರುಚಿಯ ಚಿತ್ರಗಳಾದರೂ ಮೂರರಲ್ಲಿಯೂ ನಾವು ಕಥೆಗಾರನ ಪಕ್ಕದಲ್ಲಿ ಕುಳಿತವರು, ಅವನು ಹೂಡಿದ ಸಂಚಿನಲ್ಲಿ ಪಾಲುದಾರರು.

ಇದನ್ನೇ ಇನ್ನೂ ತೆಳ್ಳಗೆ ಮಾಡಿ ತೋರಿಸುವುದು ಲಾರೆಲ್ ಮತ್ತು ಹಾರ್ಡಿಯವರ ‘ದಿ ಮ್ಯೂಸಿಕ್ ಬಾಕ್ಸ್’ (1932) ಎಂಬ ಕಿರುಚಿತ್ರ. ಇಬ್ಬರು ಒಂದು ಪಿಯಾನೊವನ್ನು ಉದ್ದನೆಯ ಮೆಟ್ಟಿಲ ಸಾಲಿನ ಮೇಲಿರುವ ಮನೆಗೆ ಹೊತ್ತೊಯ್ಯಬೇಕು, ಕಥೆ ಇಷ್ಟೇ. ಪಿಯಾನೊ ಕೆಳಗೆ ಉರುಳುತ್ತದೆಂದು ಮೊದಲ ಮೆಟ್ಟಿಲಿನಲ್ಲಿಯೇ ಯಾರಿಗಾದರೂ ತಿಳಿಯುತ್ತದೆ, ಅದು ಉರುಳುತ್ತದೆ, ಮತ್ತೆ ಉರುಳುತ್ತದೆ. ಕೊನೆಗೆ ಮೇಲೆ ತಲುಪಿದ ಮೇಲೆ, ಮನೆಯ ತನಕ ಗಾಡಿ ಬರುವ ರಸ್ತೆಯಿದೆಯೆಂದು ಅಂಚೆಯವನು ತಿಳಿಸಿದಾಗ, ಅವರು ಪಿಯಾನೊವನ್ನು ಮತ್ತೆ ಕೆಳಕ್ಕೆ ಹೊತ್ತು ತಂದು, ಗಾಡಿಗೇರಿಸಿ, ರಸ್ತೆಯ ಮೂಲಕ ಮೇಲಕ್ಕೆ ತರುತ್ತಾರೆ. ಹಾಸ್ಯ ಕಿರುಚಿತ್ರಕ್ಕೆಂದು ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯಲ್ಲಿ ನಗುವಿಗೆ ಕಾರಣ ಬೀಳುವಿಕೆಯಲ್ಲ, ಬೀಳುವ ಮೊದಲಿನ ಕ್ಷಣದಲ್ಲಿ ಹಾರ್ಡಿಯ ಮುಖದಲ್ಲಿ ಕಾಣುವ ಆತ್ಮವಿಶ್ವಾಸ. ಎಷ್ಟನೆಯ ಸಲ ನೋಡಿದರೂ ಆ ಆತ್ಮವಿಶ್ವಾಸ ಒಂದಿಷ್ಟೂ ಕುಂದುವುದಿಲ್ಲ.

ಗುಟ್ಟಿನ ಜೊತೆಗೆ ಇನ್ನೊಂದು ಲಕ್ಷಣವನ್ನೂ ನೋಡಬೇಕು: ಪಾತ್ರಗಳ ಕಷ್ಟ ಚಿಕ್ಕದಾಗಿರಬೇಕು, ಅವರ ಗಾಬರಿ ದೊಡ್ಡದಾಗಿರಬೇಕು. ಭರತನ ನಾಟ್ಯಶಾಸ್ತ್ರ ಹಾಸ್ಯವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರಾಗಿ ವಿಂಗಡಿಸಿ, ಹಲ್ಲು ಕಾಣದಂತೆ ತುಟಿಯಂಚಿನಲ್ಲಿ ಮೂಡುವ ಸ್ಮಿತದಿಂದ ಆರಂಭಿಸಿ ಕಣ್ಣೀರು ಬರುವಂತೆ ಗಹಗಹಿಸುವ ಅತಿಹಸಿತದವರೆಗೆ ಮೆಟ್ಟಿಲು ಕಟ್ಟುತ್ತದೆ. ಮೊದಲಿನೆರಡು ಉತ್ತಮರಿಗೆ, ಕೊನೆಯೆರಡು ಅಧಮರಿಗೆ ಎಂದು ಅದು ಹಂಚಿರುವುದನ್ನು ನಾನು ಒಪ್ಪುವುದಿಲ್ಲ. ಅತಿಹಸಿತಕ್ಕೆ ಉತ್ತಮರೂ ಆಗಾಗ ಇಳಿಯುವುದು ಆರೋಗ್ಯಕರ. ಆದರೆ ಮರುಭೇಟಿಯ ದೃಷ್ಟಿಯಿಂದ ಆ ಮೆಟ್ಟಿಲು ಬಹಳ ಉಪಯುಕ್ತ. ಅತಿಹಸಿತವನ್ನು ನೆಚ್ಚಿದ ಕೃತಿಗಳಿಗೆ ಪ್ರತಿಸಲವೂ ಅದೇ ಎತ್ತರವನ್ನು ಮುಟ್ಟಲೇಬೇಕೆಂಬ ಭಾರವಿರುತ್ತದೆ, ಮುಟ್ಟದಿದ್ದರೆ ನೀವು ಹೇಳುವ ಸಪ್ಪೆತನ ಉಳಿಯುತ್ತದೆ. ಸ್ಮಿತ ಹಸಿತಗಳ ಮಟ್ಟದಲ್ಲಿ ಬರೆದ ಕೃತಿಗಳು ನಿಮ್ಮಿಂದ ಏನನ್ನೂ ನಿರೀಕ್ಷಿಸದೆ ಸುಮ್ಮನೆ ಜೊತೆಗಿರುತ್ತವೆ, ದಣಿದ ಸಂಜೆಗೆ ಬೇಕಾದದ್ದೂ ಅದೇ.

ಸಪ್ಪೆಯೆನಿಸುವುದಕ್ಕೆ ಕೃತಿಯೇ ಕಾರಣವಲ್ಲದ ಸಂದರ್ಭಗಳೂ ಇವೆ, ಅವುಗಳಲ್ಲಿ ಮುಖ್ಯವಾದದ್ದು ಒಬ್ಬರೇ ಕುಳಿತು ನೋಡುವುದು. ಚಿತ್ರಮಂದಿರಕ್ಕೆಂದು ತಯಾರಾದ ಹಾಸ್ಯಚಿತ್ರಗಳಲ್ಲಿ ಜನರ ನಗುವಿಗಾಗಿ ಜಾಗ ಬಿಟ್ಟಿರುತ್ತಾರೆ. ಮಾರ್ಕ್ಸ್ ಸಹೋದರರು ‘ಎ ನೈಟ್ ಅಟ್ ದಿ ಆಪೆರಾ’ (1935) ಚಿತ್ರದ ಹಾಸ್ಯ ಸನ್ನಿವೇಶಗಳನ್ನು ಚಿತ್ರೀಕರಣಕ್ಕೆ ಮೊದಲು ಊರೂರು ತಿರುಗಿ ರಂಗದ ಮೇಲೆ ಆಡಿ, ಯಾವ ಮಾತಿಗೆ ಜನ ಎಷ್ಟು ಹೊತ್ತು ನಗುತ್ತಾರೆಂದು ನೋಡಿಕೊಂಡಿದ್ದರು. ‘ಸಮ್ ಲೈಕ್ ಇಟ್ ಹಾಟ್’ ಚಿತ್ರದಲ್ಲಿ ಜ್ಯಾಕ್ ಲೆಮನ್ ತನಗೆ ಮದುವೆ ನಿಶ್ಚಯವಾಯಿತೆಂದು ಹೇಳಿಕೊಳ್ಳುವ ದೃಶ್ಯದಲ್ಲಿ, ಒಂದು ಮಾತಿನ ನಗು ಮುಂದಿನ ಮಾತನ್ನು ನುಂಗಬಾರದೆಂದು ನಿರ್ದೇಶಕ ವೈಲ್ಡರ್ ಅವನ ಕೈಗೆ ಗಿಲಕಿಯಂಥ ವಾದ್ಯಗಳನ್ನು ಕೊಟ್ಟು, ಪ್ರತಿ ಮಾತಿನ ನಡುವೆ ಅವನ್ನು ಅಲ್ಲಾಡಿಸುತ್ತ ಕುಣಿಯುವಂತೆ ಮಾಡಿದ. ತುಂಬಿದ ಸಭಾಂಗಣದಲ್ಲಿ ಆ ಗಿಲಕಿಯ ಹೊತ್ತು ನಗುವಿನಿಂದ ತುಂಬುತ್ತದೆ, ಮನೆಯಲ್ಲಿ ಒಬ್ಬರೇ ಇದ್ದರೆ ಅದು ಬರಿದಾದ ಬಿಡುವಾಗಿ ಕಾಣುತ್ತದೆ. ನಿಮಗೆ ಈಗ ನಿಧಾನವೆನಿಸುವ ಹಳೆಯ ಚಿತ್ರವನ್ನು ತಳ್ಳಿಹಾಕುವ ಮೊದಲು ನಾಲ್ಕು ಜನರ ನಡುವೆ, ಸಾಧ್ಯವಾದರೆ ಅದನ್ನು ನೋಡಿರದ ಒಬ್ಬರನ್ನಾದರೂ ಸೇರಿಸಿಕೊಂಡು, ಇನ್ನೊಮ್ಮೆ ನೋಡಿ ನಿರ್ಧರಿಸುವುದು ನ್ಯಾಯ.

ಇದಕ್ಕೆ ವಿರುದ್ಧವಾಗಿ, ಒಬ್ಬರೇ ಕುಳಿತು ಮತ್ತೆ ಮತ್ತೆ ನೋಡುವುದಕ್ಕೆಂದೇ ಮಾಡಿದಂತಿರುವ ಚಿತ್ರವೆಂದರೆ ಫ್ರಾನ್ಸಿನ ಜಾಕ್ ತಾತಿಯ ‘ಪ್ಲೇಟೈಮ್’ (1967). ಎಪ್ಪತ್ತು ಮಿಲಿಮೀಟರ್ ಫಿಲ್ಮಿನಲ್ಲಿ ತೆಗೆದ ಈ ಚಿತ್ರದಲ್ಲಿ ಸಮೀಪದೃಶ್ಯಗಳೇ ಇಲ್ಲವೆನ್ನಬಹುದು. ವಿಶಾಲವಾದ ಒಂದೇ ಚೌಕಟ್ಟಿನ ನಾಲ್ಕೈದು ಮೂಲೆಗಳಲ್ಲಿ ನಾಲ್ಕೈದು ತಮಾಷೆಗಳು ಒಟ್ಟೊಟ್ಟಿಗೆ ನಡೆಯುತ್ತಿರುತ್ತವೆ, ಯಾವುದನ್ನು ನೋಡಬೇಕೆಂದು ನಿರ್ದೇಶಕ ಹೇಳುವುದಿಲ್ಲ. ಹೊಸದಾಗಿ ತೆರೆದ ರೆಸ್ಟೋರೆಂಟಿನ ಗಾಜಿನ ಬಾಗಿಲು ಒಡೆದುಹೋದ ಮೇಲೂ ದ್ವಾರಪಾಲಕ ಬರಿಯ ಹಿಡಿಕೆಯನ್ನು ಗಾಳಿಯಲ್ಲಿ ಹಿಡಿದು, ಬಂದವರಿಗೆಲ್ಲ ಇಲ್ಲದ ಬಾಗಿಲನ್ನು ವಿನಯದಿಂದ ತೆರೆದು ಮುಚ್ಚುವುದನ್ನು ಎಲ್ಲರೂ ಗಮನಿಸುತ್ತಾರೆ. ಅದೇ ಹೊತ್ತಿಗೆ ಹಿಂದಿನ ಮೇಜುಗಳಲ್ಲಿ ಏನಾಗುತ್ತಿದೆಯೆಂಬುದು ತಿಳಿಯಲು ಇನ್ನೊಂದು ಸಲ ನೋಡಬೇಕು. ಮೊದಲ ಸಲ ಬೇಸರ ಹುಟ್ಟಿಸಿ, ಮೂರನೆಯ ಸಲ ಬಿಡಲಾಗದಂತೆ ಹಿಡಿದಿಡುವ ಕೃತಿಗಳು ಹಾಸ್ಯದಲ್ಲಿ ಅಪರೂಪ, ಇದು ಅಂಥದೊಂದು.

ಮೂಕಿ ಚಿತ್ರಗಳ ಬಗ್ಗೆ ಎರಡು ಮಾತು ಸಾಕು. ಬಸ್ಟರ್ ಕೀಟನ್‌ನ ‘ದಿ ಜನರಲ್’ (1926) ಚಿತ್ರದಲ್ಲಿ ರೈಲು ಹೋದ ದಾರಿಯಲ್ಲಿಯೇ ಹಿಂದಿರುಗುವುದರಿಂದ ಮೊದಲರ್ಧದ ತಮಾಷೆಗಳು ಎರಡನೆಯ ಅರ್ಧದಲ್ಲಿ ತಿರುಗುಮುರುಗಾಗಿ ಮತ್ತೆ ಬರುತ್ತವೆ. ಇದನ್ನು ಕಾಣುವುದು ಸಾಮಾನ್ಯವಾಗಿ ಎರಡನೆಯ ನೋಟದಲ್ಲಿ. ಚಾಪ್ಲಿನ್‌ನ ‘ದಿ ಗೋಲ್ಡ್ ರಷ್’ ಎರಡು ರೂಪಗಳಲ್ಲಿ ಸಿಗುತ್ತದೆ: 1925ರ ಮೂಲ ಮೂಕಿ ಚಿತ್ರ ಒಂದು, ಚಾಪ್ಲಿನ್ ತಾನೇ ನಿರೂಪಣೆಯ ದನಿಯನ್ನೂ ಸಂಗೀತವನ್ನೂ ಸೇರಿಸಿ 1942ರಲ್ಲಿ ಮರುಬಿಡುಗಡೆ ಮಾಡಿದ್ದು ಇನ್ನೊಂದು. ಬೇಯಿಸಿದ ಬೂಟನ್ನು ಭೋಜನದಂತೆ ಸವಿಯುವ ದೃಶ್ಯಕ್ಕೆ ಯಾವ ವಿವರಣೆಯೂ ಬೇಡವಾದ್ದರಿಂದ 1925ರದನ್ನೇ ಆರಿಸಿಕೊಳ್ಳಿ.

ಧಾರಾವಾಹಿಗಳಿಗೆ ಬೇರೆ ಲೆಕ್ಕಾಚಾರ ಬೇಕು. ಉದ್ದವೇ ಅವುಗಳ ಶತ್ರು. 1994ರಿಂದ 2004ರವರೆಗೆ ನಡೆದ ‘ಫ್ರೆಂಡ್ಸ್’ 236 ಸಂಚಿಕೆಗಳಷ್ಟಿದೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ನೋಡಲು ಹೊರಟರೆ ನಗುವಿಗಿಂತ ಮುಗಿಸುವ ಹಟವೇ ಮುಂದಾಗುತ್ತದೆ. ಅಂಥ ಧಾರಾವಾಹಿಗಳಲ್ಲಿ ಬಿಡಿ ಸಂಚಿಕೆಗಳನ್ನು ಆರಿಸಿಟ್ಟುಕೊಳ್ಳುವುದು ಒಳ್ಳೆಯದು. ಮೂರನೆಯ ಸರಣಿಯ ಎರಡನೆಯ ಸಂಚಿಕೆಯಲ್ಲಿ ಸಮಾರಂಭಕ್ಕೆ ಹೊರಡಬೇಕಾದ ಆರು ಜನರಲ್ಲಿ ಒಬ್ಬನು ಸಿದ್ಧನಾಗಿ ಗಡಿಯಾರ ನೋಡುತ್ತಿರುತ್ತಾನೆ, ಉಳಿದವರು ಒಂದು ಕುರ್ಚಿಗಾಗಿ, ಒಂದು ಉಡುಪಿಗಾಗಿ ಕಾದಾಡುತ್ತಿರುತ್ತಾರೆ. ಬಹುಪಾಲು ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಚಿಕ್ಕ ಕಷ್ಟ, ದೊಡ್ಡ ಗಾಬರಿ ಎಂದೆನಲ್ಲ, ಅದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಮಾದರಿ ದೂರದರ್ಶನದಲ್ಲಿ ಕಡಿಮೆ.

ಇಡಿಯಾಗಿ ಮರಳಬಹುದಾದ ಧಾರಾವಾಹಿ ಬೇಕಿದ್ದರೆ ‘ಫಾಲ್ಟಿ ಟವರ್ಸ್’ ನೋಡಿ. ಜಾನ್ ಕ್ಲೀಸ್ ಮತ್ತು ಕಾನಿ ಬೂತ್ ಬರೆದ ಇದು 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು ಹನ್ನೆರಡು ಸಂಚಿಕೆಗಳಿಗೆ ಮುಗಿದುಹೋಯಿತು. ಹೋಟೆಲಿನ ಮಾಲೀಕ ಬೇಸಿಲ್ ಒಂದು ಚಿಕ್ಕ ಸುಳ್ಳು ಹೇಳುತ್ತಾನೆ, ಅದನ್ನು ಮುಚ್ಚಲು ಎರಡನೆಯದು, ಎರಡನ್ನೂ ಮುಚ್ಚಲು ಮೂರನೆಯದು. ಅರ್ಧ ಗಂಟೆಯಲ್ಲಿ ಎಲ್ಲವೂ ಒಟ್ಟಿಗೆ ಕುಸಿಯುತ್ತವೆ. ಮೊದಲ ಐದು ನಿಮಿಷದಲ್ಲಿ ಯಾವ ಇಟ್ಟಿಗೆಯನ್ನು ಎಲ್ಲಿ ಇಟ್ಟಿದ್ದರೆಂಬುದು ಮರುನೋಟದಲ್ಲಷ್ಟೇ ಕಾಣುತ್ತದೆ. 1980ರಿಂದ 1984ರವರೆಗೆ ಬಂದ ‘ಯೆಸ್ ಮಿನಿಸ್ಟರ್’ ಮತ್ತು ಅದರ ಮುಂದುವರಿಕೆಯಾದ ‘ಯೆಸ್ ಪ್ರೈಮ್ ಮಿನಿಸ್ಟರ್’ ಕಿವಿಯ ಹಾಸ್ಯ. ಹಿರಿಯ ಅಧಿಕಾರಿ ಹಂಫ್ರಿ ಒಂದೇ ಉಸಿರಿನಲ್ಲಿ ಹೇಳುವ, ಏನನ್ನೂ ಹೇಳದ ಉದ್ದುದ್ದ ವಾಕ್ಯಗಳು ಮೊದಲ ಸಲ ಕೇಳಿದಾಗ ಅರ್ಧದಷ್ಟು ಹಿಡಿತಕ್ಕೆ ಸಿಕ್ಕರೆ ಹೆಚ್ಚು. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಇವೆರಡಕ್ಕೂ ಸೇರದೆ ಸ್ಮಿತದ ಸಾಲಿನಲ್ಲಿ ನಿಲ್ಲುವಂಥದು. ಆಗುಂಬೆಯಲ್ಲಿ ಚಿತ್ರೀಕರಣ, ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತ ಎಲ್ಲವೂ ಸೇರಿ ಅದಕ್ಕೊಂದು ವಿರಾಮದ ಲಯವನ್ನು ಕೊಟ್ಟಿವೆ. ಮಾಸ್ಟರ್ ಮಂಜುನಾಥ್ ಅಭಿನಯದ ಸ್ವಾಮಿಯ ಸಂಚಿಕೆಗಳನ್ನು ಬಾಲ್ಯದಲ್ಲಿ ಸ್ವಾಮಿಯ ಪರವಾಗಿ ನೋಡಿದವರು ಈಗ ಗಿರೀಶ್ ಕಾರ್ನಾಡರು ನಿರ್ವಹಿಸಿದ ತಂದೆಯ ಪರವಾಗಿ ನೋಡಬೇಕಾಗಿ ಬರುವುದು ಬೇರೆಯೇ ತಮಾಷೆ. 2012ರಲ್ಲಿ ಕ್ರಿಸ್ಟೆಲ್ ರಸೆಲ್ ಮತ್ತು ಸಿಡ್ನಿ ಲೆವಿ ಅವರು ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಜನ ಹಳೆಯ ಪುಸ್ತಕಕ್ಕೋ ಚಿತ್ರಕ್ಕೋ ಮರಳುವುದು ಹಳೆಯ ದಿನಗಳ ಹಂಬಲದಿಂದ ಮಾತ್ರವಲ್ಲ, ಈ ನಡುವೆ ತಾವೆಷ್ಟು ಬದಲಾಗಿದ್ದೇವೆಂದು ಕಂಡುಕೊಳ್ಳುವುದಕ್ಕಾಗಿಯೂ ಹೌದು.

ಪುಸ್ತಕಗಳಿಗೆ ಬಂದರೆ, ಮರು ಓದಿನ ವಿಷಯದಲ್ಲಿ ಪುಸ್ತಕ ಸಿನಿಮಾಕ್ಕಿಂತ ಉದಾರಿ. ಎಲ್ಲಿಂದ ಬೇಕಾದರೂ ತೆರೆಯಬಹುದು, ಬೇಸರ ಬಂದ ಪುಟಗಳನ್ನು ಹಾರಬಹುದು. ಜೆರೋಮ್ ಕೆ. ಜೆರೋಮ್‌ನ ‘ಥ್ರೀ ಮೆನ್ ಇನ್ ಎ ಬೋಟ್’ (1889) ಈ ಹಾರಿಕೆಯನ್ನು ಬೇಡುವ ಪುಸ್ತಕ. ಥೇಮ್ಸ್ ನದಿಯ ಪ್ರವಾಸ ಮಾಹಿತಿಯ ಪುಸ್ತಕವಾಗಬೇಕೆಂದು ಹೊರಟಿದ್ದ ಅದರಲ್ಲಿ ಇತಿಹಾಸದ ಕೆಲವು ಪುಟಗಳು ಇನ್ನೂ ಉಳಿದುಕೊಂಡಿವೆ, ಅವನ್ನು ಮೊದಲ ಓದಿನಲ್ಲಿ ಕರ್ತವ್ಯವೆಂದು ಓದಿದವರಿಗೂ ಎರಡನೆಯ ಓದಿನಲ್ಲಿ ಬಿಡುಗಡೆಯಿದೆ. ಮೂರನೆಯ ಅಧ್ಯಾಯದಲ್ಲಿ ಗೋಡೆಗೆ ಒಂದು ಚಿತ್ರವನ್ನು ತೂಗುಹಾಕಲು ಇಡೀ ಮನೆಯನ್ನು ತಲೆಕೆಳಗು ಮಾಡುವ ಪಾಜರ್ ಚಿಕ್ಕಪ್ಪನನ್ನೂ, ಹನ್ನೆರಡನೆಯ ಅಧ್ಯಾಯದಲ್ಲಿ ತೆರೆಯುವ ಸಾಧನವಿಲ್ಲದೆ ಅನಾನಸಿನ ಡಬ್ಬಿಯೊಡನೆ ಮೂವರು ನಡೆಸುವ ಯುದ್ಧವನ್ನೂ ಓದಿಕೊಂಡರೆ ಒಂದು ಸಂಜೆಗೆ ಸಾಕು. ಅನಾನಸಿನ ಡಬ್ಬಿ ತೆರೆಯುವುದಿಲ್ಲವೆಂದು ನಾನೀಗ ಹೇಳಿಬಿಟ್ಟರೂ ನಿಮಗೆ ನಷ್ಟವೇನೂ ಇಲ್ಲ.

ಪಿ. ಜಿ. ವುಡ್‌ಹೌಸ್ ಇಡೀ ಜೀವನ ಮಾಡಿದ್ದು ಇದನ್ನೇ. ತೊಂಬತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದ ಅವನ ಕಥಾವಸ್ತುಗಳೆಲ್ಲ ಕೆಲವೇ ಅಚ್ಚುಗಳಿಂದ ತೆಗೆದವು: ಮುರಿದ ನಿಶ್ಚಿತಾರ್ಥ, ಕದ್ದ ವಸ್ತು, ಕೋಪಗೊಂಡ ಅತ್ತೆ, ಕೊನೆಗೆ ಎಲ್ಲವನ್ನೂ ಬಿಡಿಸುವ ಸೇವಕ ಜೀವ್ಸ್. ಹೊಸ ಪುಸ್ತಕವನ್ನು ಓದುವಾಗಲೂ ಮರು ಓದಿನಂತೆಯೇ ಅನಿಸುವುದರಿಂದ ಹಳೆಯದನ್ನು ಮತ್ತೆ ಓದುವಾಗ ಏನೂ ಕಡಿಮೆಯಾಗುವುದಿಲ್ಲ. ಓದುಗ ಹೋಗುವುದು ಕಥೆಗಲ್ಲ, ವಾಕ್ಯಕ್ಕೆ. ‘ರೈಟ್ ಹೋ, ಜೀವ್ಸ್’ (1934) ಕಾದಂಬರಿಯಲ್ಲಿ ಸಂಕೋಚದ ಮುದ್ದೆಯಾದ ಗಸ್ಸಿ, ತನಗರಿವಿಲ್ಲದಂತೆ ಮಿತಿಮೀರಿ ಕುಡಿದು ಶಾಲೆಯೊಂದರ ಬಹುಮಾನ ವಿತರಣೆಗೆ ಭಾಷಣ ಮಾಡಲು ನಿಲ್ಲುತ್ತಾನೆ. ಆ ಅಧ್ಯಾಯದ ಮೊದಲೇ ನಮಗೆ ವಿಷಯ ತಿಳಿದಿರುತ್ತದೆ. ಸಭೆಗೆ ತಿಳಿದಿರುವುದಿಲ್ಲ. ‘ದಿ ಕೋಡ್ ಆಫ್ ದಿ ವೂಸ್ಟರ್ಸ್’ (1938) ಹಸುವಿನ ಆಕಾರದ ಒಂದು ಬೆಳ್ಳಿಯ ಪಾತ್ರೆಯ ಸುತ್ತ ತಿರುಗುತ್ತದೆ, ರಚನೆಯ ದೃಷ್ಟಿಯಿಂದ ಇದು ಹೆಚ್ಚು ಬಿಗಿ; ಆದರೆ ಮೊದಲು ಹಿಂದಿನದನ್ನು ಓದಿಕೊಂಡಿದ್ದರೆ ಗಸ್ಸಿಯ ಪರಿಚಯವಾಗಿರುತ್ತದೆ.

ಕನ್ನಡದ ಪುಸ್ತಕಗಳಲ್ಲಿ ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ (1937) ಸಂಕಲನದ ಪ್ರಬಂಧಗಳನ್ನು ಮೊದಲು ಹೇಳುತ್ತೇನೆ. ಅಲ್ಲಿ ನಗಿಸುವ ಪ್ರಯತ್ನವೇ ಕಾಣುವುದಿಲ್ಲ. ತನ್ನನ್ನೇ ಸ್ವಲ್ಪ ದೂರದಿಂದ ನೋಡಿಕೊಳ್ಳುವ ಒಬ್ಬ ಸಭ್ಯನ ಮಾತುಕತೆ ಕೇಳಿದಂತಿರುತ್ತದೆ, ಅಂಥ ಮಾತುಕತೆಗೆ ಮುಗಿತಾಯವಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಮೊದಲ ಓದಿಗೂ ಮರು ಓದಿಗೂ ಎಷ್ಟು ಬೇರೆಯಾಗುತ್ತದೆಂಬುದನ್ನು ಬೇಕಾದರೆ ಪರೀಕ್ಷಿಸಿ ನೋಡಿ. ಹಾರುವ ಓತಿ ಸಿಕ್ಕಿತೋ ಇಲ್ಲವೋ ಎಂಬ ಆತುರ ಮೊದಲ ಸಲ ನಮ್ಮನ್ನು ಎಳೆದುಕೊಂಡು ಓಡುತ್ತದೆ. ಎರಡನೆಯ ಸಲ ಆ ಆತುರವಿಲ್ಲವಾದ್ದರಿಂದ, ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನಲ್ಲಿ ವಿಜ್ಞಾನಿಯೊಬ್ಬರು ಏನನ್ನು ಕಂಡರೆಂದು ತಿಳಿಯದೆ ನಿರೂಪಕ ಒಳಗೊಳಗೇ ಪಡುವ ಗಲಿಬಿಲಿ ಎಷ್ಟು ನಗೆಯುಕ್ಕಿಸುವಂಥದೆಂದು ಕಾಣಿಸತೊಡಗುತ್ತದೆ. ಕಾದಂಬರಿಯ ಹಾಸ್ಯದ ಬಹುಭಾಗ ಆ ಗಲಿಬಿಲಿಯಲ್ಲಿಯೇ ಇದೆ.

ಟಿ. ಪಿ. ಕೈಲಾಸಂ ತಮ್ಮ ನಾಟಕಗಳನ್ನು ಬಹುಮಟ್ಟಿಗೆ ಬಾಯಲ್ಲಿ ಹೇಳಿ ಬರೆಸಿದವರು. ಆದ್ದರಿಂದ ‘ಟೊಳ್ಳುಗಟ್ಟಿ’, ‘ಪೋಲೀಕಿಟ್ಟಿ’ ಮೊದಲಾದವುಗಳನ್ನು ಕಣ್ಣಿನಲ್ಲಿ ಓದುವುದು ಅರ್ಧ ಓದು. ಕನ್ನಡ ಇಂಗ್ಲಿಷುಗಳು ಡಿಕ್ಕಿ ಹೊಡೆಯುವ ಆ ಸಂಭಾಷಣೆಯ ವೇಗ ದನಿಯೆತ್ತಿ ಓದಿದಾಗಲೇ ಸಿಗುವುದು. ಇಬ್ಬರೋ ಮೂವರೋ ಪಾತ್ರ ಹಂಚಿಕೊಂಡು ಓದಿದರೆ ಇನ್ನೂ ಒಳ್ಳೆಯದು. ಬೀchi ಎಂದೇ ಸಹಿ ಮಾಡುತ್ತಿದ್ದ ಬೀಚಿಯವರ ಆತ್ಮಕಥೆ ‘ನನ್ನ ಭಯಾಗ್ರಫಿ’ಯನ್ನೂ ಈ ಪಟ್ಟಿಗೆ ಸೇರಿಸಬಹುದು, ಆದರೆ ಅದರ ನಗೆಯ ಕೆಳಗೆ ಸಾಕಷ್ಟು ಕಹಿಯಿದೆ, ಬರಿಯ ಹಗುರ ಸಂತೋಷವನ್ನು ಬಯಸುವ ಸಂಜೆಗೆ ಅದು ಹೊಂದದು.

ಓದುವ ಶಕ್ತಿಯೂ ಉಳಿದಿಲ್ಲದ ದಿನಕ್ಕೆ ಚಿತ್ರಕಥೆಗಳಿವೆ. ಗೊಸಿನ್ನಿ ಮತ್ತು ಉಡೆರ್ಜೊ 1959ರಲ್ಲಿ ಆರಂಭಿಸಿದ ‘ಆಸ್ಟೆರಿಕ್ಸ್’ ಸರಣಿ ಪುನರಾವರ್ತನೆಯನ್ನೇ ಬಂಡವಾಳ ಮಾಡಿಕೊಂಡಿದೆ. ಕಡಲ್ಗಳ್ಳರ ಹಡಗು ಕಾಣಿಸಿಕೊಂಡರೆ ಅದು ಮುಳುಗಲೇಬೇಕು, ಕೊನೆಯ ಔತಣದಲ್ಲಿ ಹಾಡುಗಾರನ ಬಾಯಿ ಕಟ್ಟಿ ಕೂರಿಸಿರಲೇಬೇಕು. ಇವು ಆಗದಿದ್ದರೆ ಓದುಗನಿಗೆ ಮೋಸವಾದಂತೆ.

ಇಷ್ಟಾದ ಮೇಲೂ ಕೆಲವು ಕೃತಿಗಳು ನಿಮಗೆ ಸಪ್ಪೆಯಷ್ಟೇ ಅಲ್ಲ, ಇರಿಸುಮುರಿಸು ಉಂಟುಮಾಡಿದರೆ ಅದಕ್ಕೆ ಬೇರೆ ಕಾರಣವಿರುತ್ತದೆ. ಒಬ್ಬರ ಮೈಬಣ್ಣ, ತೊದಲು, ದೇಹದ ಆಕಾರ, ಉಚ್ಚಾರಣೆ ಇವುಗಳನ್ನು ಹಿಡಿದು ನಗಿಸಿದ್ದು ಬೇಗ ಹಳಸುತ್ತದೆ. ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ (1961) ಎಂಬ ಲವಲವಿಕೆಯ ಚಿತ್ರದಲ್ಲಿ ಮಿಕ್ಕಿ ರೂನಿ ಹಲ್ಲು ಕಟ್ಟಿಕೊಂಡು ಜಪಾನೀಯನ ಪಾತ್ರವನ್ನು ಆಡಿರುವ ರೀತಿ ಇಂದು ಆ ಚಿತ್ರದ ಉಳಿದ ಸೊಗಸನ್ನೂ ಕೆಡಿಸುತ್ತದೆ. ಅಂಥ ಕಡೆ ನಗು ಬರಲಿಲ್ಲವೆಂದು ನಿಮ್ಮ ಹಾಸ್ಯಪ್ರಜ್ಞೆಯ ಮೇಲೆ ಅನುಮಾನಪಡಬೇಕಾಗಿಲ್ಲ. ಲಾರೆಲ್ ಹಾರ್ಡಿಯರು, ವುಡ್‌ಹೌಸ್‌ನ ಬರ್ಟಿ (ಜೀವ್ಸನ ಯಜಮಾನ), ‘ಗೋಲ್ ಮಾಲ್’ನ ಯಜಮಾನ ಇವರೆಲ್ಲ ನಗೆಪಾಟಲಾಗುವುದು ತಾವು ಆಯ್ದುಕೊಂಡ ಹಟಗಳಿಂದ, ಹುಟ್ಟಿನಿಂದ ಬಂದ ರೂಪದಿಂದಲ್ಲ, ಅವರು ಉಳಿದುಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಕೊನೆಯದಾಗಿ ಬಳಕೆಯ ಬಗ್ಗೆ. ಒಂದೇ ಕೃತಿಯನ್ನು ಸಾಲಾಗಿ ಹಿಂದುಹಿಂದೆಯೇ ನೋಡಬೇಡಿ. ಮಾತುಗಳು ಬಾಯಿಪಾಠವಾಗಿಬಿಟ್ಟರೆ ಕಿವಿ ಕೇಳುವುದನ್ನು ನಿಲ್ಲಿಸುತ್ತದೆ. ಸಂಭಾಷಣೆ ಅರ್ಧ ಮರೆತುಹೋಗಿ, ಪಾತ್ರಗಳ ಸ್ವಭಾವ ಮಾತ್ರ ನೆನಪಿನಲ್ಲಿ ಉಳಿದಿರುವಾಗ ಮರಳುವುದು ಸರಿಯಾದ ಸಮಯ. ಬೇರೆ ಬೇರೆ ಬಗೆಯ ನಾಲ್ಕಾರು ಕೃತಿಗಳಿದ್ದರೆ ಸರದಿ ತಾನಾಗಿ ನಡೆಯುತ್ತದೆ. ಹೊಸದಾಗಿ ಒಂದನ್ನು ಸೇರಿಸಿಕೊಳ್ಳುವ ಮನಸ್ಸಿದ್ದರೆ ಹೆರಾಲ್ಡ್ ರಾಮಿಸ್‌ನ ‘ಗ್ರೌಂಡ್‌ಹಾಗ್ ಡೇ’ (1993) ನೋಡಿ. ಪ್ರತಿ ಬೆಳಗ್ಗೆ ಅದೇ ಫೆಬ್ರವರಿ 2ಕ್ಕೆ ಏಳುವ ಸಿಡುಕ ವರದಿಗಾರನ ಕಥೆ ಅದು. ಒಂದೇ ದಿನವನ್ನು ಮತ್ತೆ ಮತ್ತೆ ತೋರಿಸುವ ಚಿತ್ರವನ್ನು ಮತ್ತೆ ಮತ್ತೆ ನೋಡಿದರೆ ಬೇಸರವಾಗಬೇಕಿತ್ತು, ಆಗುವುದಿಲ್ಲ. ಆದರೆ ಅದಕ್ಕೆ ಮುನ್ನ, ಈಗಾಗಲೇ ಸಪ್ಪೆಯೆನಿಸಿರುವ ನಿಮ್ಮ ಹಳೆಯ ಮೆಚ್ಚಿನವುಗಳನ್ನು ಒಂದೊಂದಾಗಿ ತೆಗೆದುಕೊಂಡು, ಅವುಗಳಲ್ಲಿ ಗುಟ್ಟು ಮೊದಲ ಸಲ ನಿಮ್ಮ ಬಳಿ ಇತ್ತೋ ಇಲ್ಲವೋ ಎಂದು ಕೇಳಿಕೊಳ್ಳಿ. ಇರಲಿಲ್ಲವೆಂದಾದರೆ ಅವನ್ನು ಇನ್ನೂ ನೋಡಿರದವರಿಗೆ ದಾಟಿಸಿಬಿಡಿ. ಇತ್ತು ಎಂದಾದರೆ ಕೆಲವು ತಿಂಗಳು ಬಿಟ್ಟು, ಜೊತೆಗೊಬ್ಬರನ್ನು ಕೂರಿಸಿಕೊಂಡು ಇನ್ನೊಂದು ಅವಕಾಶ ಕೊಡಿ.